ಅತ್ತರ್, ಲ್ಯಾವೆಂಡರ್, ನೀಲಗಿರಿ ಎಣ್ಣೆ: ಪರಿಮಳದಿಂದ ನಿದ್ದೆ ಬರುತ್ತದೆಯೇ?

ಗಲ್ಫಿನಿಂದ ರಜೆಗೆ ಬಂದವರ ಪೆಟ್ಟಿಗೆ ಬಿಚ್ಚಿದರೆ ಅದರಲ್ಲಿ ಮೂರು ವಸ್ತುಗಳು ಇದ್ದೇ ಇರುತ್ತವೆ ಅಂತ ಕಾಸರಗೋಡು, ಮಂಜೇಶ್ವರ, ಉಪ್ಪಳ ಕಡೆಯ ಎಲ್ಲರಿಗೂ ಗೊತ್ತು. ಅತ್ತರಿನ ಸಣ್ಣ ಕುಪ್ಪಿ, ಬಖೂರಿನ ಡಬ್ಬಿ, ಮತ್ತು ಕೊಡಲಿಯ ಚಿತ್ರ ಇರುವ ಎಣ್ಣೆ. ಮಲಯಾಳ ಮಾತಾಡುವವರು 'ಕೋಡಾಲಿ ತೈಲ' ಅನ್ನುವುದು ಇದನ್ನೇ. ಈಗ ಇವುಗಳ ಜೊತೆಗೆ ನಾಲ್ಕನೆಯದೊಂದು ಸೇರಿಕೊಂಡಿದೆ. ಲ್ಯಾವೆಂಡರ್ ಎಣ್ಣೆ, ಮತ್ತು ಅದನ್ನು ಆವಿ ಮಾಡಿ ಕೋಣೆಗೆ ಹರಡುವ ಡಿಫ್ಯೂಸರ್ ಯಂತ್ರ. "ದಿಂಬಿಗೆ ಎರಡು ತೊಟ್ಟು ಹಾಕಿ ಮಲಗಿ, ಒಳ್ಳೆ ನಿದ್ದೆ ಬರ್ತದೆ, ಟೆನ್ಷನ್ ಎಲ್ಲ ಹೋಗ್ತದೆ" ಅಂತ ಅಂಗಡಿಯಲ್ಲೂ ಹೇಳುತ್ತಾರೆ, ಮೊಬೈಲ್ ಜಾಹೀರಾತಿನಲ್ಲೂ ಹೇಳುತ್ತಾರೆ.

ಈ ಮಾತಿನಲ್ಲಿ ಸ್ವಲ್ಪ ಸತ್ಯ ಇದೆ, ಹೆಚ್ಚಿನ ಪಾಲು ವ್ಯಾಪಾರ ಇದೆ. ಎಲ್ಲಿಯವರೆಗೆ ಸತ್ಯ, ಎಲ್ಲಿಂದ ವ್ಯಾಪಾರ, ಎಲ್ಲಿಂದ ಅಪಾಯ ಅನ್ನುವುದು ಗೊತ್ತಿದ್ದರೆ ಹಣವೂ ಉಳಿಯುತ್ತದೆ, ಮನೆಯ ಮಕ್ಕಳೂ ಸುರಕ್ಷಿತವಾಗಿರುತ್ತಾರೆ.

ಸುಗಂಧ ತೈಲ ಅಂದರೆ ಏನು?

ಹೂವು, ಎಲೆ, ಬೇರು, ತೊಗಟೆ, ಕಾಂಡಗಳಲ್ಲಿ ಗಾಳಿಗೆ ಬೇಗ ಆವಿಯಾಗುವ ಎಣ್ಣೆಯಂಶ ಇರುತ್ತದೆ. ಅದನ್ನು ಹಬೆ ಹಾಯಿಸಿ ಭಟ್ಟಿ ಇಳಿಸಿದಾಗ ಸಿಗುವುದೇ ಸುಗಂಧ ತೈಲ, ಇಂಗ್ಲಿಷಿನವರ ಎಸೆನ್ಷಿಯಲ್ ಆಯಿಲ್. ತೆಂಗಿನೆಣ್ಣೆ, ಎಳ್ಳೆಣ್ಣೆಗಳ ಹಾಗೆ ಇದು ಜಿಡ್ಡಿನ ಎಣ್ಣೆ ಅಲ್ಲ. ಶುದ್ಧವಾದದ್ದಾದರೆ ಕಾಗದದ ಮೇಲೆ ಬಿದ್ದ ತೊಟ್ಟು ಬಹುಮಟ್ಟಿಗೆ ಆರಿಹೋಗುತ್ತದೆ.

ಅತ್ತರ್ ಇದರ ಹತ್ತಿರದ ಸಂಬಂಧಿ. ಉತ್ತರ ಪ್ರದೇಶದ ಕನೌಜ್‌ನಲ್ಲಿ ಇಂದಿಗೂ ತಾಮ್ರದ ಹಂಡೆಯಲ್ಲಿ ಹೂವು, ನೀರು ಹಾಕಿ ಕುದಿಸಿ, ಆ ಹಬೆಯನ್ನು ಗಂಧದೆಣ್ಣೆ ಇರುವ ಇನ್ನೊಂದು ಪಾತ್ರೆಗೆ ಹಾಯಿಸುತ್ತಾರೆ. ಹೂವಿನ ಪರಿಮಳವನ್ನು ಗಂಧದೆಣ್ಣೆ ಹಿಡಿದಿಟ್ಟುಕೊಳ್ಳುತ್ತದೆ. ಇದರಲ್ಲಿ ಆಲ್ಕೋಹಾಲ್ ಸೇರುವುದಿಲ್ಲ. ಜುಮುಅಕ್ಕೆ ಹೊರಟವರು ಸ್ಪ್ರೇ ಬಿಟ್ಟು ಅತ್ತರನ್ನೇ ಹಚ್ಚುವುದಕ್ಕೆ ಇದೂ ಒಂದು ಕಾರಣ.

ಮೂರನೆಯದು ಫ್ರಾಗ್ರೆನ್ಸ್ ಆಯಿಲ್. ಇದು ಕಾರ್ಖಾನೆಯಲ್ಲಿ ರಾಸಾಯನಿಕಗಳಿಂದ ಮಾಡಿದ ಪರಿಮಳ. ವಾಸನೆ ಚೆನ್ನಾಗಿಯೇ ಇರಬಹುದು, ಆದರೆ ಗಿಡಕ್ಕೂ ಅದಕ್ಕೂ ಸಂಬಂಧ ಇರಬೇಕೆಂದಿಲ್ಲ. ನಿದ್ದೆ, ಒತ್ತಡದ ಬಗ್ಗೆ ನಡೆದ ಸಂಶೋಧನೆಗಳು ಹೆಚ್ಚಾಗಿ ಗಿಡದಿಂದ ತೆಗೆದ ಎಣ್ಣೆ ಅಥವಾ ಅದರ ಮುಖ್ಯ ಅಂಶಗಳ ಮೇಲೆ ನಡೆದದ್ದು. ಆ ಸಂಶೋಧನೆಯ ಹೆಸರು ಹೇಳಿ ಫ್ರಾಗ್ರೆನ್ಸ್ ಆಯಿಲ್ ಮಾರುವುದು ಬೇರೊಬ್ಬರ ಸರ್ಟಿಫಿಕೇಟು ತೋರಿಸಿ ಕೆಲಸ ಕೇಳಿದ ಹಾಗೆ.

ಈ ವಿದ್ಯೆಗೆ ದೊಡ್ಡ ಇತಿಹಾಸ ಇದೆ. 9ನೇ ಶತಮಾನದಲ್ಲಿ ಬಗ್ದಾದಿನ ಅಲ್‌ಕಿಂದಿ ಸುಗಂಧ ಮತ್ತು ಭಟ್ಟಿ ಇಳಿಸುವಿಕೆಯ ಬಗ್ಗೆಯೇ ಒಂದು ಗ್ರಂಥ ಬರೆದಿದ್ದರು. 980ರಿಂದ 1037ರವರೆಗೆ ಬದುಕಿದ್ದ ವೈದ್ಯ ಇಬ್ನ್ ಸೀನಾ ಹೃದಯದ ಔಷಧಗಳ ಬಗ್ಗೆ ಬರೆದ ಕೃತಿಯಲ್ಲಿ ಪರಿಮಳದ ವಸ್ತುಗಳಿಗೆ ದೊಡ್ಡ ಜಾಗ ಕೊಟ್ಟಿದ್ದಾರೆ. 'ಅರೋಮಾಥೆರಪಿ' ಅನ್ನುವ ಪದ ಮಾತ್ರ ಹೊಸದು. ಫ್ರಾನ್ಸಿನ ರಸಾಯನಶಾಸ್ತ್ರಜ್ಞ ರೆನೆ ಮಾರಿಸ್ ಗಾಟ್‌ಫೋಸೆ 1937ರಲ್ಲಿ ಆ ಹೆಸರಿನ ಪುಸ್ತಕ ತಂದರು.

ಮೂಗಿನಿಂದ ಮೆದುಳಿಗೆ

ಮೂಗಿನ ಮೇಲ್ಭಾಗದಲ್ಲಿ ವಾಸನೆ ಗುರುತಿಸುವ ನರಕೋಶಗಳಿವೆ. ಮನುಷ್ಯನಲ್ಲಿ ಸುಮಾರು 400 ಬಗೆಯ ವಾಸನಾ ಗ್ರಾಹಕಗಳು ಕೆಲಸ ಮಾಡುತ್ತವೆ. ಈ ವ್ಯವಸ್ಥೆಯನ್ನು ಬಿಡಿಸಿ ತೋರಿಸಿದ ರಿಚರ್ಡ್ ಆಕ್ಸೆಲ್ ಮತ್ತು ಲಿಂಡಾ ಬಕ್ ಅವರಿಗೆ 2004ರಲ್ಲಿ ನೊಬೆಲ್ ಸಿಕ್ಕಿತು.

ಕಣ್ಣು, ಕಿವಿಗಳ ಸುದ್ದಿ ಮೆದುಳಿನ ಥಾಲಮಸ್ ಎಂಬ ಕಟ್ಟೆಯನ್ನು ದಾಟಿಯೇ ಒಳಗೆ ಹೋಗಬೇಕು. ವಾಸನೆಗೆ ಆ ತಪಾಸಣೆ ಇಲ್ಲ. ಅದು ಭಯ, ಸಂತೋಷಗಳನ್ನು ನೋಡಿಕೊಳ್ಳುವ ಅಮಿಗ್ಡಲಕ್ಕೂ, ನೆನಪಿನ ಭಾಗಕ್ಕೂ ಹತ್ತಿರದ ದಾರಿಯಲ್ಲೇ ತಲುಪುತ್ತದೆ. ತೀರಿಹೋದ ಅಜ್ಜಿಯ ಪೆಟ್ಟಿಗೆ ತೆರೆದಾಗ ಬರುವ ಅತ್ತರಿನ ವಾಸನೆಗೆ ಕಣ್ಣು ತುಂಬುವುದು ಇದರಿಂದಲೇ.

ಹಾಗಾಗಿ ಪರಿಮಳ ಎರಡು ದಾರಿಯಲ್ಲಿ ಕೆಲಸ ಮಾಡುತ್ತದೆ. ಒಂದು, ಎಣ್ಣೆಯಲ್ಲಿರುವ ರಾಸಾಯನಿಕ ಅಂಶ ನರಗಳ ಮೇಲೆ ಮಾಡುವ ಪರಿಣಾಮ. ಇನ್ನೊಂದು, ಆ ವಾಸನೆಗೆ ಅಂಟಿಕೊಂಡ ನೆನಪು. ಒಬ್ಬರಿಗೆ ನೆಮ್ಮದಿ ಕೊಡುವ ಪರಿಮಳ ಇನ್ನೊಬ್ಬರಿಗೆ ಆಸ್ಪತ್ರೆಯನ್ನೋ ಮರಣದ ಮನೆಯನ್ನೋ ನೆನಪಿಸಬಹುದು. 'ಎಲ್ಲರಿಗೂ ಇದೇ ಎಣ್ಣೆ' ಅನ್ನುವ ಮಾತು ಇಲ್ಲೇ ಬಿದ್ದುಹೋಗುತ್ತದೆ.

ಲ್ಯಾವೆಂಡರ್: ಹೆಚ್ಚು ಪರೀಕ್ಷೆಗೆ ಒಳಗಾದ ಎಣ್ಣೆ

ಲ್ಯಾವೆಂಡರಿನ ಮುಖ್ಯ ಅಂಶಗಳು ಲಿನಲೂಲ್ ಮತ್ತು ಲಿನಲೈಲ್ ಅಸಿಟೇಟ್. 2018ರಲ್ಲಿ ಜಪಾನಿನ ಕಾಗೋಶಿಮಾ ವಿಶ್ವವಿದ್ಯಾಲಯದವರು ಇಲಿಗಳಿಗೆ ಲಿನಲೂಲ್ ವಾಸನೆ ತೋರಿಸಿದಾಗ ಅವುಗಳ ಆತಂಕ ಕಡಿಮೆಯಾಯಿತು. ವಾಸನಾ ಶಕ್ತಿ ಕಳೆದುಕೊಂಡ ಇಲಿಗಳಲ್ಲಿ ಆ ಪರಿಣಾಮ ಕಾಣಲಿಲ್ಲ. ಅಂದರೆ ಕೆಲಸ ನಡೆದದ್ದು ಮೂಗಿನ ಮೂಲಕವೇ.

ಮನುಷ್ಯರ ಮೇಲಿನ ಫಲಿತಾಂಶ ಇಷ್ಟು ನೇರ ಇಲ್ಲ. 2005ರಲ್ಲಿ ಅಮೆರಿಕದಲ್ಲಿ 31 ಮಂದಿ ಆರೋಗ್ಯವಂತ ಯುವಕ ಯುವತಿಯರನ್ನು ನಿದ್ದೆಯ ಪ್ರಯೋಗಾಲಯದಲ್ಲಿ ಮಲಗಿಸಿ ನೋಡಿದರು. ಲ್ಯಾವೆಂಡರ್ ಮೂಸಿ ಮಲಗಿದ ರಾತ್ರಿ ಗಾಢ ನಿದ್ದೆಯ ಪ್ರಮಾಣ ಹೆಚ್ಚಿತ್ತು. ಆದರೆ ಇವರು ಮೊದಲೇ ಚೆನ್ನಾಗಿ ನಿದ್ದೆ ಮಾಡುತ್ತಿದ್ದವರು. 2008ರಲ್ಲಿ ಓಹಿಯೋದಲ್ಲಿ 56 ಮಂದಿಯ ಮೇಲೆ ಲ್ಯಾವೆಂಡರ್, ನಿಂಬೆ ಮತ್ತು ಬರೀ ನೀರನ್ನು ಹೋಲಿಸಿದರು. ನಿಂಬೆಯ ಪರಿಮಳದಿಂದ ಮನಸ್ಸು ಸ್ವಲ್ಪ ಉಲ್ಲಾಸಗೊಂಡಿತು, ಲ್ಯಾವೆಂಡರಿನಿಂದ ಅದೂ ಆಗಲಿಲ್ಲ. ಒತ್ತಡದ ಹಾರ್ಮೋನು, ರೋಗನಿರೋಧಕ ಶಕ್ತಿಯಂಥ ಅಳತೆಗಳಲ್ಲಿ ಎರಡರಿಂದಲೂ ಪ್ರಯೋಜನ ಕಾಣಲಿಲ್ಲ.

ಜರ್ಮನಿಯಲ್ಲಿ ಲ್ಯಾವೆಂಡರ್ ಎಣ್ಣೆಯಿಂದ ಮಾಡಿದ 80 ಮಿಲಿಗ್ರಾಂ ಕ್ಯಾಪ್ಸೂಲ್ ಔಷಧವಾಗಿ ಸಿಗುತ್ತದೆ. 2014ರಲ್ಲಿ 539 ಮಂದಿ ಆತಂಕದ ರೋಗಿಗಳ ಮೇಲೆ ನಡೆದ ಪ್ರಯೋಗದಲ್ಲಿ ಹುಸಿ ಮಾತ್ರೆಗಿಂತ ಅದು ಉತ್ತಮ ಫಲ ಕೊಟ್ಟಿತು. ಜಾಹೀರಾತುಗಳು ಹೆಚ್ಚಾಗಿ ಹಿಡಿದುಕೊಳ್ಳುವುದು ಇದನ್ನೇ. ಆದರೆ ಅದು ಅಳತೆ ಮಾಡಿ ತಯಾರಿಸಿದ ನುಂಗುವ ಔಷಧ. ಅದರ ಫಲವನ್ನು ಮೂಸುವ ಎಣ್ಣೆಯ ಲೆಕ್ಕಕ್ಕೆ ಸೇರಿಸುವ ಹಾಗಿಲ್ಲ. ಅಂಗಡಿಯ ಕುಪ್ಪಿಯಿಂದ ಒಂದು ತೊಟ್ಟನ್ನೂ ಕುಡಿಯುವ ಹಾಗಿಲ್ಲ.

ಇಂಥ ಸಂಶೋಧನೆಗೆ ಒಂದು ಕಷ್ಟ ಯಾವಾಗಲೂ ಇದೆ. ಮಾತ್ರೆಯಲ್ಲಾದರೆ ನಿಜವಾದದ್ದು ಯಾವುದು, ಹುಸಿ ಯಾವುದು ಅಂತ ರೋಗಿಗೆ ಗೊತ್ತಾಗದಂತೆ ಕೊಡಬಹುದು. ಪರಿಮಳವನ್ನು ಬಚ್ಚಿಡುವುದು ಹೇಗೆ? 'ಇದರಿಂದ ನಿದ್ದೆ ಬರುತ್ತದೆ' ಎಂಬ ನಂಬಿಕೆಯಿಂದಲೇ ಅರ್ಧ ಕೆಲಸ ಆಗಿರುತ್ತದೆ.

ನಮ್ಮ ಕಡೆಯ ಪರಿಮಳಗಳು

*ಶ್ರೀಗಂಧ:* ಮೊದಲ ಮಹಾಯುದ್ಧದಲ್ಲಿ ಜರ್ಮನಿಗೆ ಹೋಗುತ್ತಿದ್ದ ಗಂಧದ ಮರ ನಿಂತಾಗ, 1916ರಲ್ಲಿ ಮೈಸೂರು ಸಂಸ್ಥಾನ ತಾನೇ ಎಣ್ಣೆ ತೆಗೆಯುವ ಕೆಲಸಕ್ಕೆ ಕೈಹಾಕಿತು. ಕೇರಳದಲ್ಲಿ ಇಡುಕ್ಕಿಯ ಮರಯೂರಿನ ಗಂಧದ ಕಾಡು ಹೆಸರಾದದ್ದು. ಗಂಧದೆಣ್ಣೆಯ ಜೀವಾಳ ಸ್ಯಾಂಟಲಾಲ್. ವಿಯೆನ್ನಾದಲ್ಲಿ ನಡೆದ ಪರೀಕ್ಷೆಯಲ್ಲಿ ಚರ್ಮಕ್ಕೆ ಹಚ್ಚಿದ ಸ್ಯಾಂಟಲಾಲ್ ದೇಹವನ್ನು ಶಾಂತಗೊಳಿಸಿದರೂ, ಪೂರ್ತಿ ಗಂಧದೆಣ್ಣೆ ಹಚ್ಚಿದವರು ದೇಹದಲ್ಲಿ ಶಾಂತ, ಮನಸ್ಸಿನಲ್ಲಿ ಎಚ್ಚರವಾಗಿದ್ದರು. ಧ್ಯಾನಕ್ಕೂ ಪ್ರಾರ್ಥನೆಗೂ ಗಂಧ ಹೊಂದುತ್ತದೆ ಅನ್ನುವ ಹಳೆಯ ಅನುಭವಕ್ಕೆ ಇದು ಹತ್ತಿರ ಇದೆ, 'ನಿದ್ದೆಯ ಎಣ್ಣೆ' ಎಂಬ ಲೇಬಲಿಗೆ ಅಷ್ಟು ಹತ್ತಿರ ಇಲ್ಲ.

*ಮಲ್ಲಿಗೆ:* ಮಲ್ಲಿಗೆಯ ಪರಿಮಳದಲ್ಲೂ ಲಿನಲೂಲ್ ಇದೆ. ಜಪಾನಿನಲ್ಲಿ 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮಲ್ಲಿಗೆ ಚಹಾದ ತೆಳು ವಾಸನೆಯಿಂದ ಎದೆಬಡಿತ ನಿಧಾನವಾದದ್ದು ಕಂಡಿತು. ತೆಳು ಅನ್ನುವುದು ಮುಖ್ಯ. ಗಾಢ ವಾಸನೆ ತಲೆನೋವು ತರುತ್ತದೆ ಅಂತ ಮದುವೆಮನೆಯಲ್ಲಿ ಕೂತವರಿಗೆ ಹೇಳಬೇಕಾಗಿಲ್ಲ.

*ಗುಲಾಬಿ:* 2007ರಲ್ಲಿ ಜರ್ಮನಿಯ ಸಂಶೋಧಕರು ಪಾಠ ಕಲಿಯುವಾಗ ಗುಲಾಬಿಯ ಪರಿಮಳ ಕೊಟ್ಟು, ಅದೇ ಪರಿಮಳವನ್ನು ಗಾಢ ನಿದ್ದೆಯಲ್ಲಿ ಮತ್ತೆ ಕೊಟ್ಟರು. ಮರುದಿನ ನೆನಪು ಹೆಚ್ಚು ಗಟ್ಟಿಯಾಗಿತ್ತು. ನಿದ್ದೆಯಲ್ಲೂ ಮೆದುಳು ವಾಸನೆಯನ್ನು ಬಳಸಿಕೊಳ್ಳುತ್ತದೆ ಎನ್ನುವುದಕ್ಕೆ ಇದು ಒಳ್ಳೆಯ ಸಾಕ್ಷಿ.

*ನಿಂಬೆ ಹುಲ್ಲು:* ಕೇರಳದ 'ಪುಲ್‌ತೈಲ' ಇದೇ. ವ್ಯಾಪಾರದಲ್ಲಿ ಇದಕ್ಕೆ 'ಕೊಚ್ಚಿನ್ ಎಣ್ಣೆ' ಅಂತಲೇ ಹೆಸರು. ಇದರಲ್ಲಿ ಮುಕ್ಕಾಲು ಪಾಲು ಸಿಟ್ರಾಲ್. ನೆಲ ಒರೆಸಲು, ಸೊಳ್ಳೆ ಓಡಿಸಲು ಉಪಯೋಗ. ಚರ್ಮಕ್ಕೆ ನೇರ ಹಚ್ಚಿದರೆ ಉರಿ ಬರುತ್ತದೆ.

*ಊದ್:* ಅಗರು ಮರಕ್ಕೆ ಶಿಲೀಂಧ್ರದ ಸೋಂಕು ತಗಲಿದಾಗ ಒಳಗೆ ಕಟ್ಟುವ ಅಂಟಿನಿಂದ ಬರುವ ಪರಿಮಳ. ಜಪಾನಿನಲ್ಲಿ ಇಲಿಗಳಿಗೆ ಅಗರಿನ ಎಣ್ಣೆಯ ಆವಿ ಕೊಟ್ಟಾಗ ಅವು ಮಂಕಾದವು. ಇದನ್ನು ಮನುಷ್ಯರಿಗೆ ಹಾಗೆಯೇ ಅನ್ವಯಿಸುವ ಹಾಗಿಲ್ಲ. ಇನ್ನು ಅಗರಿನ ಮರಗಳು ಅಂತಾರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಯಲ್ಲಿವೆ. ಅಗ್ಗದ 'ಅಸಲಿ ಊದ್' ಅಂದರೆ ಅನುಮಾನ ಪಡಲೇಬೇಕು.

ನೀಲಗಿರಿ ಎಣ್ಣೆ, ಕರ್ಪೂರ: ಇಲ್ಲಿ ಎಚ್ಚರ ಬೇಕು

ಯೂಕಲಿಪ್ಟಸ್ ಆಸ್ಟ್ರೇಲಿಯಾದ ಮರ. 1843ರಲ್ಲಿ ಊಟಿಯ ಬೆಟ್ಟಕ್ಕೆ ತಂದು ನೆಟ್ಟರು. ಬೆಟ್ಟದ ಹೆಸರೇ ಮರಕ್ಕೆ ಬಂದು ಕನ್ನಡದಲ್ಲಿ ಅದು 'ನೀಲಗಿರಿ ಮರ' ಆಯಿತು. ಎಲೆಯಿಂದ ಇಳಿಸಿದ ಎಣ್ಣೆಯ ಮುಖ್ಯ ಅಂಶ ಸಿನಿಯೋಲ್. ಇದು ನಿದ್ದೆ ತರುವುದಕ್ಕಿಂತ ಎಚ್ಚರ ತರುವ ಗುಂಪಿಗೆ ಸೇರಿದ್ದು. ಬಾಮ್‌ಗಳಲ್ಲಿರುವ ಮೆಂಥಾಲ್ ಕೂಡ ಮೂಗನ್ನು ನಿಜವಾಗಿ ತೆರೆಯುವುದಿಲ್ಲ, ತಂಪಿನ ನರವನ್ನು ಮುಟ್ಟಿ ತೆರೆದ ಹಾಗೆ ಅನ್ನಿಸುತ್ತದೆ ಅಷ್ಟೇ. ಮೂಗು ಕಟ್ಟಿ ನಿದ್ದೆ ಬಾರದವನಿಗೆ ಆ ಅನ್ನಿಸಿಕೆಯೇ ದೊಡ್ಡದು ಅನ್ನುವುದು ಬೇರೆ ಮಾತು.

ಆದರೆ ಅಪಾಯ ದೊಡ್ಡದೇ ಇದೆ. 2021ರಲ್ಲಿ ಬೆಂಗಳೂರಿನ ನರರೋಗ ತಜ್ಞರು ಇತರ ಆಸ್ಪತ್ರೆಗಳವರ ಜೊತೆ ಸೇರಿ ಒಂದು ಅಧ್ಯಯನ ಪ್ರಕಟಿಸಿದರು. ಅಪಸ್ಮಾರದ ಸೆಳೆತ ಬಂದ 350 ವಯಸ್ಕರಲ್ಲಿ 55 ಮಂದಿಗೆ ಸೆಳೆತದ ಹಿಂದೆ ಸುಗಂಧ ತೈಲದ ಸಂಬಂಧ ಕಂಡಿತ್ತು. ಮುಖ್ಯ ಆರೋಪಿಗಳು ನೀಲಗಿರಿ ಎಣ್ಣೆ ಮತ್ತು ಕರ್ಪೂರ. ಫಿಟ್ಸ್ ಇರುವವರು, ಹಿಂದೆ ಒಮ್ಮೆ ಬಂದವರು ಇವೆರಡನ್ನು ಮೂಸುವುದು, ಹಚ್ಚುವುದು, ಆವಿ ತೆಗೆದುಕೊಳ್ಳುವುದಕ್ಕೆ ಮೊದಲು ವೈದ್ಯರನ್ನು ಕೇಳಲೇಬೇಕು.

ಮಕ್ಕಳ ವಿಷಯ ಇನ್ನೂ ಗಂಭೀರ. ನೀಲಗಿರಿ ಎಣ್ಣೆ ಕೆಲವೇ ಮಿಲಿಲೀಟರ್ ಹೊಟ್ಟೆಗೆ ಹೋದರೂ ಸಣ್ಣ ಮಗುವಿಗೆ ಪ್ರಜ್ಞೆ ತಪ್ಪಬಹುದು, ಸೆಳೆತ ಬರಬಹುದು. ಬಾಮ್‌ಗಳಲ್ಲಿ ಬಳಸುವ ಶುದ್ಧ ವಿಂಟರ್‌ಗ್ರೀನ್ ಎಣ್ಣೆಯ ಒಂದು ಟೀ ಚಮಚದಲ್ಲಿ ಇಪ್ಪತ್ತಕ್ಕೂ ಹೆಚ್ಚು ಆಸ್ಪಿರಿನ್ ಮಾತ್ರೆಗಳಷ್ಟು ವಿಷ ಇರುತ್ತದೆ. ಎಷ್ಟೋ ಮನೆಗಳಲ್ಲಿ ಈ ಕುಪ್ಪಿಗಳು ಕೆಮ್ಮಿನ ಸಿರಪ್ ಪಕ್ಕದಲ್ಲೇ ಇರುತ್ತವೆ. ರಾತ್ರಿ ಕರೆಂಟ್ ಹೋದ ಹೊತ್ತಿನಲ್ಲಿ ಕೈ ತಪ್ಪುವುದಕ್ಕೆ ಎಷ್ಟು ಹೊತ್ತು?

ಮಗು ಕುಡಿದುಬಿಟ್ಟರೆ ವಾಂತಿ ಮಾಡಿಸಬಾರದು. ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಕಷ್ಟ ಎರಡು ಪಾಲಾಗುತ್ತದೆ. ಕುಪ್ಪಿಯನ್ನೂ ಹಿಡಿದುಕೊಂಡು ತಕ್ಷಣ ಆಸ್ಪತ್ರೆಗೆ ಓಡಬೇಕು. ಎರಡು ವರ್ಷದೊಳಗಿನ ಮಗುವಿನ ಮೂಗು, ಎದೆಗೆ ಕರ್ಪೂರ, ಮೆಂಥಾಲ್, ನೀಲಗಿರಿ ಎಣ್ಣೆ ಹಚ್ಚುವ ಅಭ್ಯಾಸವನ್ನು ಹಿರಿಯರು ಹೇಳಿದರೂ ಬಿಡುವುದೇ ಒಳ್ಳೆಯದು.

ಬಖೂರ್ ಹೊಗೆ ಮತ್ತು ಮುಚ್ಚಿದ ಕೋಣೆ

ಬಖೂರ್ ಮನೆಗೆ ಹಬ್ಬದ ಕಳೆ ತರುತ್ತದೆ. ಆದರೆ ಇದ್ದಿಲ ಕೆಂಡದ ಮೇಲೆ ಉರಿಯುವ ಯಾವುದೇ ವಸ್ತುವಿನಿಂದ ಸಣ್ಣ ಹೊಗೆಕಣಗಳೂ ಕಾರ್ಬನ್ ಮೊನಾಕ್ಸೈಡ್ ಅನಿಲವೂ ಹೊರಡುತ್ತವೆ. ಈ ಅನಿಲಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಎಸಿ ಹಾಕಿ ಕಿಟಕಿ ಮುಚ್ಚಿದ ಮಲಗುವ ಕೋಣೆಯಲ್ಲಿ ಕೆಂಡ ಇಟ್ಟು ನಿದ್ದೆ ಹೋಗುವುದು ಪ್ರಾಣಕ್ಕೇ ಕುತ್ತು.

'ಏನಾದರೂ ಆದರೆ ವಾಸನೆಗೆ ಎಚ್ಚರ ಆಗ್ತದೆ' ಅಂತ ಅಂದುಕೊಳ್ಳುವವರಿದ್ದಾರೆ. ಆಗುವುದಿಲ್ಲ. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದಲ್ಲಿ 2004ರಲ್ಲಿ ಪ್ರಕಟವಾದ ಸಂಶೋಧನೆ ಇದನ್ನೇ ಪರೀಕ್ಷಿಸಿತು. ಗಾಢ ನಿದ್ದೆಯಲ್ಲಿದ್ದವರು ಕೆಟ್ಟ ವಾಸನೆಗೂ ಏಳಲಿಲ್ಲ, ಶಬ್ದಕ್ಕೆ ಮಾತ್ರ ಎದ್ದರು. ಆದ್ದರಿಂದ ಬಖೂರ್ ಹಾಕುವುದಿದ್ದರೆ ಸಂಜೆಯೇ ಹಾಕಿ, ಕಿಟಕಿ ತೆರೆದಿಟ್ಟು, ಕೆಂಡವನ್ನು ಪೂರ್ತಿ ಆರಿಸಿ ಹೊರಗಿಟ್ಟ ಮೇಲೆಯೇ ಮಲಗಬೇಕು. ಅಸ್ತಮಾ ಇರುವವರ ಮನೆಯಲ್ಲಿ ಹೊಗೆ ಬೇಡವೇ ಬೇಡ.

ಖರೀದಿಸುವಾಗ ನೋಡಬೇಕಾದದ್ದು

ಒಂದು ಕಿಲೋ ಗುಲಾಬಿ ಎಣ್ಣೆಗೆ ಮೂರೂವರೆಯಿಂದ ನಾಲ್ಕು ಟನ್ ಹೂವು ಬೇಕು. ಹೂವಿನ ಬೆಲೆ, ಕೂಲಿ, ಸೌದೆ, ಸಾಗಣೆ ಎಲ್ಲ ಕೂಡಿಸಿದರೆ ನೂರು ರೂಪಾಯಿಗೆ ಕುಪ್ಪಿ ತುಂಬ 'ಶುದ್ಧ ಗುಲಾಬಿ ಎಣ್ಣೆ' ಕೊಡಲು ಯಾರಿಗೂ ಸಾಧ್ಯ ಇಲ್ಲ. ಅಂಗಡಿಯವನು ಮೋಸಗಾರ ಅಂತಲ್ಲ. ಅವನಿಗೂ ಹಾಗೇ ಹೇಳಿ ಕೊಟ್ಟಿರುತ್ತಾರೆ. ಲೆಕ್ಕ ಹಾಕಬೇಕಾದವರು ಕೊಳ್ಳುವವರು.

ಲೇಬಲ್ ಮೇಲೆ ಗಿಡದ ಸಸ್ಯಶಾಸ್ತ್ರೀಯ ಹೆಸರು, ಗಿಡದ ಯಾವ ಭಾಗದಿಂದ ತೆಗೆದದ್ದು, ಬ್ಯಾಚ್ ಸಂಖ್ಯೆ, ಬಳಸುವ ಅವಧಿ ಇರಬೇಕು. ಎಲ್ಲ ಬಗೆಯ ಎಣ್ಣೆಗೂ ಒಂದೇ ಬೆಲೆ ಇದ್ದರೆ ಅದು ಫ್ರಾಗ್ರೆನ್ಸ್ ಆಯಿಲ್ ಆಗಿರುವ ಸಾಧ್ಯತೆಯೇ ಹೆಚ್ಚು. ಕುಪ್ಪಿ ಕಂದು ಅಥವಾ ಗಾಢ ನೀಲಿ ಗಾಜಿನದ್ದಾಗಿರಲಿ. ಬೆಳಕು, ಗಾಳಿ ತಾಗಿದರೆ ಎಣ್ಣೆ ಕೆಡುತ್ತದೆ. ಕೆಟ್ಟ ಲ್ಯಾವೆಂಡರ್ ಎಣ್ಣೆ ಚರ್ಮಕ್ಕೆ ಅಲರ್ಜಿ ತರುವುದು ಹೆಚ್ಚು.

ಬಳಸುವ ಕ್ರಮ

ಚರ್ಮಕ್ಕೆ ಹಚ್ಚುವುದಿದ್ದರೆ ಸುಗಂಧ ತೈಲವನ್ನು ತೆಂಗಿನೆಣ್ಣೆಯಲ್ಲಿ ತೆಳು ಮಾಡಬೇಕು. 30 ಮಿಲಿಲೀಟರ್ ತೆಂಗಿನೆಣ್ಣೆಗೆ ಆರು ತೊಟ್ಟು ಹಾಕಿದರೆ ಸುಮಾರು ಶೇ. 1 ಆಗುತ್ತದೆ. ಮೊದಲ ಸಲ ಮೊಣಕೈ ಒಳಭಾಗಕ್ಕೆ ಸ್ವಲ್ಪ ಹಚ್ಚಿ ಒಂದು ದಿನ ಕಾಯಬೇಕು. ನಿಂಬೆ, ಬರ್ಗಮಾಟ್ ಸಿಪ್ಪೆ ಹಿಂಡಿ ತೆಗೆದ ಎಣ್ಣೆ ಹಚ್ಚಿ ಬಿಸಿಲಿಗೆ ಹೋದರೆ ಚರ್ಮ ಸುಟ್ಟ ಹಾಗೆ ಕಪ್ಪಾಗಬಹುದು. ಗರ್ಭಿಣಿಯರು, ಬಾಣಂತಿಯರು ವೈದ್ಯರನ್ನು ಕೇಳದೆ ಬಳಸಬಾರದು. ಮನೆಯಲ್ಲಿ ಬೆಕ್ಕು ಇದ್ದರೆ ಡಿಫ್ಯೂಸರ್ ಬೇಡ, ಈ ಎಣ್ಣೆಗಳ ಹಲವು ಅಂಶಗಳನ್ನು ಕರಗಿಸುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಕಡಿಮೆ.

ಡಿಫ್ಯೂಸರನ್ನು ರಾತ್ರಿಯಿಡೀ ಓಡಿಸಿ ಪ್ರಯೋಜನ ಇಲ್ಲ. ಕೆಲವೇ ನಿಮಿಷಗಳಲ್ಲಿ ಮೂಗು ವಾಸನೆಗೆ ಒಗ್ಗಿಹೋಗುತ್ತದೆ. ಮಲಗುವ ಮುಂಚೆ ಅರ್ಧ ಗಂಟೆ ಸಾಕು.

ಪರಿಮಳದ ಒಳ್ಳೆಯ ಉಪಯೋಗ ಇರುವುದು ಅಭ್ಯಾಸದಲ್ಲಿ. ದಿನಾ ಒಂದೇ ಹೊತ್ತಿಗೆ ಮೊಬೈಲ್ ಬದಿಗಿಟ್ಟು, ದೀಪ ಕಡಿಮೆ ಮಾಡಿ, ಮಲಗುವಾಗ ಮಾತ್ರ ಒಂದೇ ಮೆಲು ಪರಿಮಳ ಬಳಸಿದರೆ ಕೆಲವು ವಾರಗಳಲ್ಲಿ ಆ ವಾಸನೆಯೇ 'ಇನ್ನು ಮಲಗುವ ಹೊತ್ತು' ಎಂಬ ಸೂಚನೆ ಆಗಬಹುದು. ಗಲ್ಫಿನಲ್ಲಿ ಪಾಳಿ ಕೆಲಸ ಮಾಡಿ ಹಗಲು ಮಲಗುವವರಿಗೂ ಈ ಸೂಚನೆ ಉಪಯೋಗಕ್ಕೆ ಬರಬಹುದು. ಇದಕ್ಕೆ ದುಬಾರಿ ಎಣ್ಣೆ ಬೇಡ. ಮನೆಯಲ್ಲಿರುವ ಅತ್ತರ್ ಕರವಸ್ತ್ರಕ್ಕೆ ಒಂದು ಗೆರೆ ಎಳೆದರೂ ಆಯಿತು.

ಎಣ್ಣೆ ಸಾಲದ ಹಂತ

ವಾರಕ್ಕೆ ಮೂರು ರಾತ್ರಿಯಾದರೂ ನಿದ್ದೆ ಕೆಟ್ಟು, ಅದು ಮೂರು ತಿಂಗಳು ಮುಂದುವರಿದರೆ ವೈದ್ಯರು ಅದನ್ನು ದೀರ್ಘಕಾಲದ ನಿದ್ರಾಹೀನತೆ ಅನ್ನುತ್ತಾರೆ. ಇದಕ್ಕೆ ಮೊದಲ ಚಿಕಿತ್ಸೆಯಾಗಿ ಅಮೆರಿಕದ ವೈದ್ಯರ ಕಾಲೇಜು 2016ರಲ್ಲಿ ಸೂಚಿಸಿದ್ದು ಎಣ್ಣೆಯನ್ನೂ ಅಲ್ಲ, ಮಾತ್ರೆಯನ್ನೂ ಅಲ್ಲ. ಮಲಗುವ ಅಭ್ಯಾಸ ಮತ್ತು ಯೋಚನೆಯನ್ನು ತಿದ್ದುವ ಮಾತಿನ ಚಿಕಿತ್ಸೆಯನ್ನು. ಜೋರಾಗಿ ಗೊರಕೆ ಹೊಡೆದು ಮಧ್ಯೆ ಉಸಿರು ನಿಲ್ಲುವುದು, ಥೈರಾಯ್ಡ್, ಸಕ್ಕರೆ ಕಾಯಿಲೆ, ಖಿನ್ನತೆ ಇವು ಯಾವುದೂ ಪರಿಮಳಕ್ಕೆ ಬಗ್ಗುವುದಿಲ್ಲ.

ಸಾಲದ ಚಿಂತೆ, ದೂರದಲ್ಲಿರುವ ಗಂಡನ ಕೆಲಸದ ಚಿಂತೆ, ಮಗಳ ಮದುವೆಯ ಚಿಂತೆ ಇದ್ದವರು 'ಬರೀ ನಿದ್ದೆ ಬರ್ತಾ ಇಲ್ಲ' ಅಂತಲೇ ಹೇಳುತ್ತಾರೆ. ಅದಕ್ಕೆ ಕುಪ್ಪಿ ತಂದುಕೊಟ್ಟು ಸುಮ್ಮನಾಗುವ ಮೊದಲು ಪಕ್ಕದಲ್ಲಿ ಕೂತು ಕೇಳುವವರೊಬ್ಬರು ಬೇಕು. ಬದುಕು ಬೇಡ ಅನ್ನಿಸುವಷ್ಟು ಮನಸ್ಸು ಕುಸಿದಿದ್ದರೆ ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲೂ ಕರೆ ಮಾಡಬಹುದು. ಕರೆ ಉಚಿತ.

ಪರಿಮಳ ಮನಸ್ಸಿಗೆ ಹಿತ. ಹಿತ ಕೊಡುವ ವಸ್ತುವಾಗಿಯೇ ಅದನ್ನು ಬಳಸಿದರೆ ನಷ್ಟ ಇಲ್ಲ. ಮದ್ದಿನ ಜಾಗದಲ್ಲಿ ಅದನ್ನು ಕೂರಿಸಿದಾಗ ಮಾತ್ರ ಕಾಯಿಲೆಗೆ ಸಮಯ ಸಿಗುತ್ತದೆ, ರೋಗಿಯ ಸಮಯ ಕಳೆಯುತ್ತದೆ. ಅತ್ತರ್ ಅಲಮಾರಿನಲ್ಲಿರಲಿ, ನೀಲಗಿರಿ ಎಣ್ಣೆ ಮಕ್ಕಳ ಕೈಗೆ ಸಿಗದ ಎತ್ತರದಲ್ಲಿರಲಿ, ನಿದ್ದೆಯ ತೊಂದರೆ ಡಾಕ್ಟರ ಎದುರಿಗಿರಲಿ.